ಒಂದೇ ಕಚೇರಿ, ಎರಡು ಬಾಗಿಲು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರ ಸೇವೆ ಹೇಗಿದೆ?

ಜೀವನಾಂಶಕ್ಕೆ ಅರ್ಜಿ ಹಾಕಬೇಕಾದ ಹೆಂಗಸು ಹೋಗುವುದೂ ಜೈಲಿನಲ್ಲಿರುವ ಮಗನಿಗೆ ಜಾಮೀನು ಕೇಳುವ ತಾಯಿ ಹೋಗುವುದೂ ಒಂದೇ ಕಚೇರಿಗೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಫಲಕ ಕಾಣುತ್ತದೆ. ಬೆಂಗಳೂರಿನಲ್ಲಾದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲೇ ರಾಜ್ಯ ಪ್ರಾಧಿಕಾರವೂ ಇದೆ, ಕೌಟುಂಬಿಕ ನ್ಯಾಯಾಲಯಗಳೂ ಇವೆ. ಸೇವೆ ಉಚಿತ. ಹಾಗೆಂದು ಇದು ದಾನವಲ್ಲ. ಸಂವಿಧಾನದ 39ಎ ವಿಧಿಯಲ್ಲಿ ಹೇಳಿರುವ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿರುವ ಹಕ್ಕು. ಆದ್ದರಿಂದ ದುಡ್ಡು ಕೊಟ್ಟು ಪಡೆಯುವ ಸೇವೆಯನ್ನು ಅಳೆಯುವಷ್ಟೇ ಕಟ್ಟುನಿಟ್ಟಾಗಿ ಇದನ್ನೂ ಅಳೆಯಬೇಕು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅರ್ಜಿ ತೆಗೆದುಕೊಂಡು ವಕೀಲರನ್ನು ನೇಮಿಸುವವರೆಗೆ ಈ ವ್ಯವಸ್ಥೆ ಚೆನ್ನಾಗಿದೆ. ನೇಮಕದ ಪತ್ರ ಕೈಗೆ ಬಂದ ದಿನದಿಂದ ತೀರ್ಪಿನ ದಿನದವರೆಗೆ ವಕೀಲರು ಏನು ಮಾಡಿದರು ಎಂದು ಕೇಳುವವರು ಕಡಿಮೆ. ಕ್ರಿಮಿನಲ್ ಪ್ರಕರಣಗಳಲ್ಲಿ ಆ ಕೊರತೆ ಸ್ವಲ್ಪ ತುಂಬಿದೆ, ಕೌಟುಂಬಿಕ ಪ್ರಕರಣಗಳಲ್ಲಿ ತುಂಬಿಲ್ಲ. ಹಾಗಾಗಿ ಕೇಳುವ ಕೆಲಸ ಅರ್ಜಿದಾರರ ಮೇಲೆಯೇ ಬೀಳುತ್ತದೆ.

ಯಾರಿಗೆ ಸಿಗುತ್ತದೆ, ಹೇಗೆ ಕೇಳಬೇಕು

ಕಾಯ್ದೆಯ 12ನೇ ಕಲಂ ನೋಡಿ. ಎಲ್ಲ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಕಳ್ಳಸಾಗಣೆಗೆ ಬಲಿಯಾದವರು, ಪ್ರಕೃತಿ ವಿಕೋಪ ಅಥವಾ ಜಾತಿ ದೌರ್ಜನ್ಯಕ್ಕೆ ಸಿಕ್ಕವರು, ಬಂಧನದಲ್ಲಿ ಇರುವವರು ಅದರ ವ್ಯಾಪ್ತಿಯಲ್ಲಿದ್ದಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಸಂಬಳ ಬರುವ ಶಿಕ್ಷಕಿಯೂ ಅರ್ಜಿ ಹಾಕಬಹುದು. ಕೌಂಟರಿನಲ್ಲಿ ‘ಬಿಪಿಎಲ್ ಕಾರ್ಡ್ ತನ್ನಿ’ ಎಂದು ಮಹಿಳೆಯನ್ನೋ ಕೈದಿಯ ಮನೆಯವರನ್ನೋ ವಾಪಸ್ ಕಳಿಸಿದರೆ ಅದು ತಪ್ಪು. ಆದಾಯದ ಲೆಕ್ಕ ಬರುವುದು ಈ ಯಾವ ವರ್ಗಕ್ಕೂ ಸೇರದವರಿಗೆ ಮಾತ್ರ. ಅವರ ವಿಷಯದಲ್ಲೂ ಆದಾಯದ ಬಗ್ಗೆ ಸ್ವಂತ ಪ್ರಮಾಣಪತ್ರ ಸಾಕು ಎಂದು 13ನೇ ಕಲಂ ಹೇಳುತ್ತದೆ. ಅಧಿಕಾರಿಗಳಿಗೆ ಅದನ್ನು ನಂಬದಿರಲು ಕಾರಣ ಇದ್ದರಷ್ಟೇ ಬೇರೆ ದಾಖಲೆ ಕೇಳಬಹುದು.

ಅರ್ಜಿಯನ್ನು ಕಚೇರಿಯ ಮುಂಗಟ್ಟೆಯಲ್ಲಿ ಕೊಡಬಹುದು, ಅಂಚೆಯಲ್ಲಿ ಕಳಿಸಬಹುದು, ರಾಷ್ಟ್ರೀಯ ಪ್ರಾಧಿಕಾರ ನಾಲ್ಸಾದ ಜಾಲತಾಣದಲ್ಲಿ ತುಂಬಬಹುದು. 15100ಕ್ಕೆ ಕರೆ ಮಾಡಿ ದಾರಿ ಕೇಳಬಹುದು. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳಬೇಕು. ಆಧಾರ್ ಪ್ರತಿ, ಎರಡು ಭಾವಚಿತ್ರ ಇಟ್ಟುಕೊಂಡಿರಿ. ಪ್ರಕರಣ ಈಗಾಗಲೇ ನಡೆಯುತ್ತಿದ್ದರೆ ಬಂದಿರುವ ಸಮನ್ಸಿನ ಎರಡು ಪ್ರತಿಯೂ ಬೇಕು.

ಕೈಯಲ್ಲಿ ಕೊಟ್ಟರೆ ಅರ್ಜಿಯ ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ನಾಲ್ಸಾದ 2010ರ ನಿಯಮಾವಳಿಯ ಪ್ರಕಾರ ಅರ್ಜಿಯ ಮೇಲೆ ಏಳು ದಿನಗಳೊಳಗೆ ತೀರ್ಮಾನ ಆಗಬೇಕು. ಆ ಏಳು ದಿನ ಯಾವತ್ತಿನಿಂದ ಎಣಿಸಬೇಕು ಎಂದು ತೋರಿಸುವುದು ಆ ಸೀಲು ಒಂದೇ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಕೊಡಿ. ಜಿಲ್ಲೆಯಲ್ಲಿ ಅಧ್ಯಕ್ಷರು ಪ್ರಧಾನ ಜಿಲ್ಲಾ ನ್ಯಾಯಾಧೀಶರೇ.

ಕೌಟುಂಬಿಕ ನ್ಯಾಯಾಲಯದ ಕಡೆಯ ಬಾಗಿಲು

ಹೊರಗಿನಿಂದ ಕಾಣದ ಒಂದು ವ್ಯತ್ಯಾಸ ಇಲ್ಲಿದೆ. ಕ್ರಿಮಿನಲ್ ಪ್ರಕರಣಗಳಿಗೆ ನಾಲ್ಸಾ 2022ರಲ್ಲಿ ‘ಕಾನೂನು ನೆರವು ಅಭಿರಕ್ಷಕರ’ ಯೋಜನೆ ತಂದಿತು; ಅಭಿರಕ್ಷಕರೆಂದರೆ ಆರೋಪಿಯ ಪರ ವಾದಿಸುವ ವಕೀಲರು. ಮುಖ್ಯ ಅಭಿರಕ್ಷಕರು, ಉಪ ಮುಖ್ಯ ಅಭಿರಕ್ಷಕರು, ಸಹಾಯಕರು ಪೂರ್ಣಾವಧಿ ಕೆಲಸ ಮಾಡುತ್ತಾರೆ. ತಿಂಗಳ ಗೌರವಧನ ಇದೆ, ಖಾಸಗಿ ಪ್ರಾಕ್ಟೀಸಿಗೆ ಅವಕಾಶ ಇಲ್ಲ, ಕೂರಲು ಕಚೇರಿ ಇದೆ. ಕೌಟುಂಬಿಕ ಪ್ರಕರಣ ಇವರ ವ್ಯಾಪ್ತಿಗೆ ಬರುವುದಿಲ್ಲ. ಅದು ಹೋಗುವುದು ಪ್ಯಾನಲ್ ವಕೀಲರಿಗೆ, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ಖಾಸಗಿ ವಕೀಲರಿಗೆ. ಅವರಿಗೆ ತಮ್ಮ ಖಾಸಗಿ ಕಕ್ಷಿದಾರರೂ ಇರುತ್ತಾರೆ, ಪ್ರಾಧಿಕಾರ ಪ್ರಕರಣವೊಂದಕ್ಕೆ ಕೊಡುವ ಸಂಭಾವನೆ ಚಿಕ್ಕದು, ಅದು ಸಿಗುವುದೂ ನಿಧಾನ. ಎಷ್ಟೇ ಒಳ್ಳೆಯ ವಕೀಲರಾದರೂ ಒಂದೇ ದಿನ ಎರಡು ಕೋರ್ಟಿನಲ್ಲಿ ಕರೆ ಬಂದರೆ ಎತ್ತ ಹೋಗುತ್ತಾರೆ ಎಂಬುದು ಊಹೆಗೆ ಬಿಟ್ಟದ್ದು. ಇದನ್ನು ಒಬ್ಬೊಬ್ಬ ವಕೀಲರ ದೋಷ ಎಂದು ನಾವು ನೋಡುವುದಿಲ್ಲ. ಯೋಜನೆಯನ್ನು ರೂಪಿಸಿದವರು ಹೆಂಡತಿ ಮಕ್ಕಳ ಅನ್ನದ ಪ್ರಶ್ನೆಯನ್ನು ಎರಡನೇ ಸಾಲಿಗೆ ಹಾಕಿದ್ದಾರೆ. ಪೂರ್ಣಾವಧಿ ವಕೀಲರ ಪದ್ಧತಿಯನ್ನು ಕೌಟುಂಬಿಕ ನ್ಯಾಯಾಲಯಕ್ಕೂ ವಿಸ್ತರಿಸದೆ ಇಲ್ಲಿ ಗುಣಮಟ್ಟ ಏರುವುದಿಲ್ಲ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂನಂತೆ ವಕೀಲರನ್ನು ಇಟ್ಟುಕೊಳ್ಳುವುದು ಅಲ್ಲಿ ಹಕ್ಕಲ್ಲ, ನ್ಯಾಯಾಲಯದ ಅನುಮತಿ ಬೇಕು. ದಿನನಿತ್ಯದ ರೂಢಿಯಲ್ಲಿ ಅನುಮತಿ ಸಿಗುತ್ತದೆ. ಆದರೂ ಮೊದಲ ತಾರೀಖಿನಂದೇ ವಕಾಲತ್ತಿನ ಜೊತೆ ಅನುಮತಿಯ ಅರ್ಜಿಯನ್ನೂ ಹಾಕಿದ್ದಾರೆಯೇ ಎಂದು ಕೇಳಿ ನೋಡಿ. ಅದು ಇಲ್ಲದೆ ಒಂದು ತಾರೀಖು ಸುಮ್ಮನೆ ಹೋಗಬಹುದು.

ಜೀವನಾಂಶದ ಪ್ರಕರಣದಲ್ಲಿ ಗೆಲುವು ಸೋಲು ಬಹುಮಟ್ಟಿಗೆ ತೀರ್ಮಾನವಾಗುವುದು ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರದಲ್ಲಿ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಇದನ್ನು ಎರಡೂ ಕಡೆಯವರಿಗೆ ಕಡ್ಡಾಯ ಮಾಡಿತು. ಎದುರು ಪಕ್ಷ ನಾಲ್ಕು ವಾರದೊಳಗೆ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು ಎಂದೂ ಅದೇ ತೀರ್ಪು ಹೇಳಿದೆ. ಆಗುವ ತಪ್ಪು ಇದು: ನಮೂನೆಯ ಖಾಲಿ ಜಾಗಗಳಲ್ಲಿ ‘ಗೊತ್ತಿಲ್ಲ’, ‘ಅನ್ವಯಿಸುವುದಿಲ್ಲ’ ಎಂದು ಟೈಪಿಸ್ಟ್ ತುಂಬಿ, ಅರ್ಜಿದಾರಳ ಸಹಿ ಪಡೆದು ಮುಗಿಸಿಬಿಡುತ್ತಾರೆ. ಗಂಡನ ಜಮೀನಿನ ಪಹಣಿ, ವಾಹನದ ನೋಂದಣಿ ಸಂಖ್ಯೆ, ಕೆಲಸದ ಜಾಗದ ವಿಳಾಸ, ಬ್ಯಾಂಕಿನ ಶಾಖೆಯ ಹೆಸರು ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡೇ ವಕೀಲರ ಬಳಿ ಹೋಗಿ. ಪಹಣಿ ಭೂಮಿ ತಂತ್ರಾಂಶದಲ್ಲಿ ಸರ್ವೆ ಸಂಖ್ಯೆ ಕೊಟ್ಟರೆ ಸಿಗುತ್ತದೆ. ಮನೆಯ ಖರ್ಚಿನಲ್ಲಿ ಮಕ್ಕಳ ಶಾಲೆಯ ಶುಲ್ಕ, ಬಾಡಿಗೆ, ಔಷಧಿ ಬೇರೆ ಬೇರೆ ಸಾಲಿನಲ್ಲಿ ಬರಲಿ. ‘ತಿಂಗಳಿಗೆ ಇಪ್ಪತ್ತು ಸಾವಿರ’ ಎಂಬ ಒಂದೇ ಮೊತ್ತಕ್ಕೆ ಪಾಟೀಸವಾಲಿನಲ್ಲಿ ಉತ್ತರ ಹೇಳುವುದು ಕಷ್ಟ.

2024ರ ಜುಲೈ 1ರಿಂದ ಜೀವನಾಂಶದ ವಿಷಯದಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಎಂದು ಅದರಲ್ಲಿದೆ. ನಿಜದಲ್ಲಿ ವಿಳಂಬ ಆಗುವುದು ನೋಟಿಸ್ ಜಾರಿಯಲ್ಲೇ. ‘ಮನೆಗೆ ಬೀಗ’, ‘ವಿಳಾಸದಲ್ಲಿ ಇಲ್ಲ’ ಎಂದು ಲಕೋಟೆ ತಿರುಗಿ ಬಂದರೆ ಮುಂದಿನ ತಾರೀಖಿಗೇ ಹೊಸ ವಿಳಾಸ, ಮೊಬೈಲ್ ಸಂಖ್ಯೆ, ಕೆಲಸದ ಜಾಗ ಕೊಡಬೇಕು. ವಕೀಲರು ‘ಸಮಯ ಬೇಕು’ ಎಂದರೆ ಇನ್ನೊಂದು ಒಂದೂವರೆ ತಿಂಗಳು ಹೋಯಿತು ಎಂದೇ ಲೆಕ್ಕ.

ಆದೇಶವಾದ ಮೇಲೆ ಬಾಕಿ ವಸೂಲಿಯಲ್ಲಿ ಈ ಸೇವೆ ತೀರಾ ತೆಳ್ಳಗಾಗುತ್ತದೆ. ಪ್ಯಾನಲ್ ವಕೀಲರ ನೇಮಕ ಮೂಲ ಅರ್ಜಿಗಷ್ಟೇ ಎಂದು ಕಡತ ಮುಚ್ಚಿದರೆ ವಸೂಲಿಗೆ ಹೊಸದಾಗಿ ನೆರವಿನ ಅರ್ಜಿ ಹಾಕಬೇಕು. ಅದನ್ನು ಯಾರೂ ಹೇಳದೆ ಹೋದರೆ ದುಬಾರಿಯಾಗುತ್ತದೆ. 144(3)ರಲ್ಲಿ ವಾರಂಟಿಗೆ ಅರ್ಜಿ ಹಾಕಲು ಹಣ ಬಾಕಿಯಾದ ದಿನದಿಂದ ಒಂದು ವರ್ಷದ ಗಡುವು ಇದೆ. ಹದಿನಾಲ್ಕು ತಿಂಗಳು ಸುಮ್ಮನಿದ್ದವಳಿಗೆ ಮೊದಲ ಎರಡು ತಿಂಗಳ ಬಾಕಿಯನ್ನು ಆ ದಾರಿಯಲ್ಲಿ ಕೇಳಲಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಬಾಕಿಯ ಪಟ್ಟಿ ಮಾಡಿ ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಗಂಡ ಸಂಬಳದಾರನಾದರೆ ಸಿವಿಲ್ ಡಿಕ್ರಿಯ ರೀತಿಯಲ್ಲಿ ಸಂಬಳ ಜಪ್ತಿಗೆ ಅಮಲ್ಜಾರಿ ಹಾಕಬಹುದೆಂದು ರಜನೀಶ್ ತೀರ್ಪಿನಲ್ಲೇ ಇದೆ. ವಾರಂಟಿಗಿಂತ ಇದು ಎಷ್ಟೋ ಸಲ ಬೇಗ ಫಲ ಕೊಡುತ್ತದೆ, ಏಕೆಂದರೆ ಇದರಲ್ಲಿ ಪೊಲೀಸರು ಆತನನ್ನು ಹುಡುಕಬೇಕಾಗಿಲ್ಲ.

ಲೋಕ ಅದಾಲತ್ತಿನ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ. ವಿಚ್ಛೇದನವೊಂದನ್ನು ಬಿಟ್ಟು ಉಳಿದ ವೈವಾಹಿಕ ವ್ಯಾಜ್ಯಗಳು ಅಲ್ಲಿಗೆ ಹೋಗುತ್ತವೆ. ‘ಇವತ್ತೇ ಮುಗಿಸಿಬಿಡಿ’ ಎಂಬ ಒತ್ತಡ ಬಂದಾಗ ಮೊತ್ತ, ಕಂತಿನ ತಾರೀಖು, ಕಂತು ತಪ್ಪಿದರೆ ಏನು ಎಂಬ ಮೂರೂ ಬರಹದಲ್ಲಿ ಇಲ್ಲದ ಹಾಳೆಗೆ ಸಹಿ ಹಾಕಬಾರದು. ಬೇಡ ಎನ್ನುವ ಹಕ್ಕು ಪೂರ್ತಿಯಾಗಿ ನಿಮ್ಮದು, ಪ್ರಕರಣ ಮತ್ತೆ ಕೋರ್ಟಿಗೇ ಹೋಗುತ್ತದೆ.

ಜೈಲಿನ ಕಡೆಯ ಬಾಗಿಲು

ದೇಶದ ಕಾರಾಗೃಹಗಳಲ್ಲಿ 2022ರ ಡಿಸೆಂಬರ್ 31ರಂದು 5,73,220 ಜನ ಇದ್ದರು. ಜಾಗ ಇದ್ದದ್ದು 4,36,266 ಜನಕ್ಕೆ. ಇದ್ದವರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ಪ್ರತಿ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ. ಇವರಲ್ಲಿ ಎಷ್ಟೋ ಮಂದಿಗೆ ಬೇಕಿರುವುದು ದೊಡ್ಡ ವಾದವಲ್ಲ, ತಾರೀಖಿನ ಲೆಕ್ಕ.

ಮೊದಲನೆಯದು 60 ಮತ್ತು 90 ದಿನದ ಲೆಕ್ಕ. ಅಷ್ಟರೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 187(3)ರಲ್ಲಿ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಪಟ್ಟಿ ಬರುವ ಮೊದಲೇ ಅರ್ಜಿ ಹಾಕಿದರಷ್ಟೇ ಅದು ಉಳಿಯುತ್ತದೆ, ಒಂದು ದಿನ ತಡವಾದರೂ ಹೋಯಿತು. ಎರಡನೆಯದು 479ನೇ ಕಲಂ. ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗೆ ಕಳೆದವರಿಗೆ, ಹಿಂದೆ ಎಂದೂ ಶಿಕ್ಷೆಯಾಗದ ಮೊದಲ ಬಾರಿಯವರಿಗೆ ಮೂರನೇ ಒಂದು ಭಾಗ ಕಳೆದರೆ ಸಾಕು, ಬಿಡುಗಡೆಯ ಅವಕಾಶ ಇದೆ. ಇದು ಹಳೆಯ ಪ್ರಕರಣಗಳಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಅರ್ಜಿ ಹಾಕಬೇಕಾದ ಹೊಣೆ ಕಾರಾಗೃಹದ ಅಧೀಕ್ಷಕರ ಮೇಲೆಯೇ ಇದೆ. ಎಡವುವುದು ಎರಡು ಕಡೆ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಸಾಧ್ಯವಿರುವ ಅಪರಾಧಗಳಿಗೆ ಇದು ಇಲ್ಲ. ಒಬ್ಬರ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣ ಇದ್ದರೆ 479(2) ಅಡ್ಡ ಬರುತ್ತದೆ. ಸಣ್ಣ ಕಳವಿನ ನಾಲ್ಕು ಪ್ರಕರಣ ಇರುವ ಬಡ ಹುಡುಗ ಒಳಗೇ ಉಳಿಯುವುದು ಇದರಿಂದಲೇ, ಮತ್ತು ಸೌಲಭ್ಯ ಹೆಚ್ಚು ಬೇಕಾಗಿದ್ದದ್ದು ಅವನಂಥವನಿಗೇ. ಅಂಥವರಿಗೆ ಪ್ರತಿ ಪ್ರಕರಣದಲ್ಲೂ ಬೇರೆಯಾಗಿ ಸಾಮಾನ್ಯ ಜಾಮೀನು ಅರ್ಜಿ ಹಾಕಬೇಕು. ನಾಲ್ಕರಲ್ಲಿ ಮೂರಕ್ಕೆ ಜಾಮೀನು ಸಿಕ್ಕಿ ನಾಲ್ಕನೆಯದನ್ನು ಮರೆತರೆ ಬಿಡುಗಡೆ ಇಲ್ಲ. ಜೈಲಿನ ಕಾನೂನು ನೆರವು ಕೇಂದ್ರದಲ್ಲಿ ಎಲ್ಲ ಅಪರಾಧ ಸಂಖ್ಯೆಗಳನ್ನೂ ಒಂದೇ ಹಾಳೆಯಲ್ಲಿ ಬರೆಸಿ.

ಜಾಮೀನು ಸಿಕ್ಕ ಮೇಲೂ ಹೊರಬರದವರ ಬಗ್ಗೆ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಏಳು ನಿರ್ದೇಶನ ಕೊಟ್ಟಿದೆ. ಮನೆಯವರು ಇವನ್ನು ತಿಳಿದಿರಬೇಕು. ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಅಧೀಕ್ಷಕರ ಮೂಲಕ ಕೈದಿಗೆ ತಲುಪಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಲ್ಲಿ ಬಾಂಡ್ ಒದಗಿಸಲಾಗದಿದ್ದರೆ ನ್ಯಾಯಾಲಯವೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತನ್ನು ಹಾಕದಿರಬಹುದು ಎಂದೂ ಸೂಚಿಸಿದೆ. ನಮ್ಮ ಕೋರ್ಟುಗಳಲ್ಲಿ ಜಾಮೀನುದಾರ ಎಂದರೆ ಪಹಣಿ ಇರುವವ ಎಂದೇ ರೂಢಿ. ಬೀದರ್‌ನಿಂದಲೋ ಒಡಿಶಾದಿಂದಲೋ ಬೆಂಗಳೂರಿಗೆ ಕೂಲಿಗೆ ಬಂದವನಿಗೆ ಇಲ್ಲಿ ಪಹಣಿ ಇರುವವರು ಎಲ್ಲಿ ಸಿಗಬೇಕು? ಷರತ್ತು ಸಡಿಲಿಸುವ ಅರ್ಜಿಯಲ್ಲಿ ಈ ನಿರ್ದೇಶನದ ತಾರೀಖನ್ನು ನಮೂದಿಸಲು ವಕೀಲರಿಗೆ ಹೇಳಿ.

ಹಣವೇ ಅಡ್ಡಿಯಾದರೆ ಕೇಂದ್ರದ ‘ಬಡ ಕೈದಿಗಳಿಗೆ ನೆರವು’ ಯೋಜನೆ ಇದೆ. 2023ರ ಮಾರ್ಗಸೂಚಿಯಲ್ಲಿ ವಿಚಾರಣಾಧೀನರ ಜಾಮೀನು ಹಣಕ್ಕೆ 40,000 ರೂಪಾಯಿವರೆಗೆ, ಸಜಾಬಂಧಿಗಳ ದಂಡಕ್ಕೆ 25,000 ರೂಪಾಯಿವರೆಗೆ ಜಿಲ್ಲಾ ಸಮಿತಿ ಮಂಜೂರು ಮಾಡಬಹುದು ಎಂದಿತ್ತು; ಈಗಿನ ಮಿತಿಯನ್ನು ಪ್ರಾಧಿಕಾರದಲ್ಲಿ ಕೇಳಿ. ಹಣ ಕೈದಿಯ ಕೈಗಲ್ಲ, ನ್ಯಾಯಾಲಯಕ್ಕೆ ಹೋಗುತ್ತದೆ. ಭ್ರಷ್ಟಾಚಾರ ತಡೆ, ಅಕ್ರಮ ಹಣ ವರ್ಗಾವಣೆ, ಮಾದಕವಸ್ತು ಕಾಯ್ದೆಗಳ ಆರೋಪಿಗಳಿಗೆ ಇಲ್ಲ. ದಂಡ ಕಟ್ಟಲಾಗದೆ ಹೆಚ್ಚುವರಿ ತಿಂಗಳುಗಳನ್ನು ಒಳಗೆ ಕಳೆಯುವವರು ಮೊದಲು ಕೇಳಬೇಕಾದ ಯೋಜನೆ ಇದು.

ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿ ಉಚಿತ. ಮೇಲ್ಮನವಿಯನ್ನು ಅಧೀಕ್ಷಕರ ಮೂಲಕವೇ ಸಲ್ಲಿಸಬಹುದು. ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 60 ದಿನ. ಗಡುವು ಮೀರಿದ್ದರೂ ವಿಳಂಬ ಮನ್ನಾ ಅರ್ಜಿಯೊಂದಿಗೆ ಹಾಕಿಸಿ.

ಎರಡೂ ಬಾಗಿಲು ಸೇರುವ ಜಾಗ

ಈ ಸೇವೆಯ ದೊಡ್ಡ ಬಿರುಕು ಇಲ್ಲಿದೆ. ಜೈಲಿನಲ್ಲಿರುವವನ ಮೇಲೆ ಹೆಂಡತಿ ವಿಚ್ಛೇದನ ಅಥವಾ ಮಕ್ಕಳ ಸುಪರ್ದಿಗೆ ಅರ್ಜಿ ಹಾಕಿದರೆ ಸಮನ್ಸ್ ಅಧೀಕ್ಷಕರ ಮೂಲಕ ಬರಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 24ನೇ ನಿಯಮ ಹಾಗೆ ಹೇಳುತ್ತದೆ. ಅರ್ಜಿಯಲ್ಲಿ ಮನೆಯ ವಿಳಾಸವನ್ನೇ ಕೊಟ್ಟಿದ್ದರೆ ಅವನಿಗೆ ಗೊತ್ತೇ ಆಗದೆ ಏಕಪಕ್ಷೀಯ ಆದೇಶ ಆಗಿಬಿಡುತ್ತದೆ. ಸಿವಿಲ್ ಸ್ವರೂಪದ ಏಕಪಕ್ಷೀಯ ಡಿಕ್ರಿ ರದ್ದು ಕೋರಲು 30 ದಿನ, ಜೀವನಾಂಶದ ಏಕಪಕ್ಷೀಯ ಆದೇಶಕ್ಕೆ ಮೂರು ತಿಂಗಳು. ಜೈಲಿಗೆ ಬರುವ ಅಭಿರಕ್ಷಕರು ‘ಇದು ನಮ್ಮ ಕೆಲಸವಲ್ಲ’ ಎನ್ನುತ್ತಾರೆ, ಯೋಜನೆಯ ಪ್ರಕಾರ ಅದು ಸರಿ. ಕೌಟುಂಬಿಕ ಪ್ರಕರಣದ ಪ್ಯಾನಲ್ ವಕೀಲರು ಜೈಲಿಗೆ ಬರುವುದಿಲ್ಲ. ಆದರೆ ಬಂಧನದಲ್ಲಿರುವವರ ಹಕ್ಕು ಕ್ರಿಮಿನಲ್ ಪ್ರಕರಣಕ್ಕೆ ಮಾತ್ರ ಎಂದು 12ನೇ ಕಲಂ ಎಲ್ಲೂ ಹೇಳಿಲ್ಲ. ಅರ್ಜಿಯಲ್ಲಿ ‘ಕೌಟುಂಬಿಕ ಪ್ರಕರಣಕ್ಕೆ ಪ್ಯಾನಲ್ ವಕೀಲರು ಬೇಕು’ ಎಂದೇ ಬರೆಸಿ, ವಕಾಲತ್ತಿಗೆ ಕೈದಿಯ ಸಹಿಯನ್ನು ಅಧೀಕ್ಷಕರಿಂದ ದೃಢೀಕರಿಸಿ, ವಿಡಿಯೊ ಮೂಲಕ ಹಾಜರಾಗಲು ನ್ಯಾಯಾಲಯಕ್ಕೆ ಮನವಿ ಕೊಡಿ.

ತಾಯಿ ಒಳಗಿದ್ದು ಮಗು ಹೊರಗಿರುವ ಮನೆಗಳಲ್ಲಿ ಈ ಬಿರುಕಿನ ನೋವು ಹೆಚ್ಚು. ಆರು ವರ್ಷದವರೆಗಿನ ಮಗು ತಾಯಿಯ ಜೊತೆ ಇರಬಹುದು ಎಂದು 2006ರ ಆರ್.ಡಿ. ಉಪಾಧ್ಯಾಯ ತೀರ್ಪು ಹೇಳಿದೆ. ಆಮೇಲೆ ಮಗು ಯಾರ ಬಳಿ, ತಾಯಿ ಅದನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದು ಕೌಟುಂಬಿಕ ನ್ಯಾಯಾಲಯದ ಪ್ರಶ್ನೆ. ಮಗುವಿಗೆ ಆರು ತುಂಬುವ ಮೊದಲೇ ಭೇಟಿಯ ಆದೇಶಕ್ಕೆ ಅರ್ಜಿ ಹಾಕಬೇಕು.

ಜೀವನಾಂಶದ ಬಾಕಿಗೆ ಜೈಲಿಗೆ ಹೋದ ಗಂಡನೂ ಇದೇ ಜಾಗದಲ್ಲಿ ನಿಲ್ಲುತ್ತಾನೆ. ಶಿಕ್ಷೆ ಅನುಭವಿಸಿದ ಮಾತ್ರಕ್ಕೆ ಬಾಕಿ ತೀರುವುದಿಲ್ಲ ಎಂದು ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಜಕ್ಕೂ ಆದಾಯ ನಿಂತಿದ್ದರೆ ಮೊತ್ತ ಬದಲಿಸಲು ಪ್ರತ್ಯೇಕ ಅರ್ಜಿ ಬೇಕು, ಒಳಗೆ ಬಂದ ಕ್ಷಣದಿಂದ ಅವನಿಗೂ ಉಚಿತ ವಕೀಲರ ಹಕ್ಕಿದೆ. ಹಾಗೆ ಮಾಡಿದರೆ ಹೆಂಡತಿಗೂ ಅನುಕೂಲ: ವಸೂಲಾಗದ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಚಿಕ್ಕ ಮೊತ್ತದಲ್ಲಿ ಮನೆ ನಡೆಯುತ್ತದೆ.

ಉತ್ತರ ಕೇಳುವುದು ಹೇಗೆ

ವಕೀಲರು ಹಾಜರಾಗಿದ್ದಾರೆಯೇ ಎಂದು ಅವರನ್ನೇ ಕೇಳುವ ಅಗತ್ಯ ಇಲ್ಲ. ಇ-ಕೋರ್ಟ್ಸ್ ಆ್ಯಪಿನಲ್ಲಿ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ದಿನದ ನಡಾವಳಿ ಕಾಣುತ್ತದೆ. ಸತತ ಎರಡು ತಾರೀಖು ‘ಅರ್ಜಿದಾರರ ಪರ ಗೈರು’ ಎಂದು ಬಂದರೆ ಅದರ ಪ್ರತಿಯೊಂದಿಗೆ ಕಾರ್ಯದರ್ಶಿಗೆ ವಕೀಲರ ಬದಲಾವಣೆ ಕೋರಿ ಪತ್ರ ಕೊಡಿ. 2010ರ ನಿಯಮಾವಳಿಯಂತೆ ಪ್ರತಿ ಪ್ರಾಧಿಕಾರದಲ್ಲೂ ಪ್ರಕರಣಗಳ ಪ್ರಗತಿ ನೋಡುವ ಮೇಲ್ವಿಚಾರಣಾ ಸಮಿತಿ ಇರಬೇಕು, ನಿಮ್ಮ ಪತ್ರ ಅದರ ಮುಂದೆ ಇಡಿ ಎಂದು ಬರೆಯಿರಿ. ವಕೀಲರು ‘ಖರ್ಚಿಗೆ’ ಎಂದು ಹಣ ಕೇಳಿದರೆ ಅದು ನಿಯಮಾವಳಿಯ ಉಲ್ಲಂಘನೆ. ದೂರು ಕೊಡುವಾಗ ದಿನ, ಮೊತ್ತ, ಕೊಟ್ಟ ವಿಧಾನ ಮೂರನ್ನೂ ಬರೆಯಿರಿ.

ಇಡೀ ಜಿಲ್ಲೆಯ ಲೆಕ್ಕ ಬೇಕಾದರೆ ಮಾಹಿತಿ ಹಕ್ಕು ಇದೆ. ಕರ್ನಾಟಕದ ನಿಯಮದಲ್ಲಿ ಅರ್ಜಿಗೆ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕೌಟುಂಬಿಕ ನ್ಯಾಯಾಲಯದ ಕಡತವನ್ನೂ ಜೈಲಿನ ಅಂಕಿಅಂಶವನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ತಿರಸ್ಕಾರಕ್ಕೆ ನೀವೇ ಕಾರಣ ಒದಗಿಸಿದಂತೆ. ‘ಏಕೆ ಕ್ರಮ ತೆಗೆದುಕೊಂಡಿಲ್ಲ’ ಎಂಬ ಪ್ರಶ್ನೆ ಬೇಡ, ಇರುವ ದಾಖಲೆಯನ್ನು ಹೆಸರಿಸಿ ಕೇಳಿ. ಹೀಗೆ: ‘ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯ ಕಳೆದ ನಾಲ್ಕು ತ್ರೈಮಾಸಿಕ ಸಭೆಗಳ ನಡಾವಳಿ, ಪ್ರತಿ ಸಭೆಯಲ್ಲಿ ಪರಿಗಣಿಸಿದ, ಶಿಫಾರಸು ಮಾಡಿದ, ಬಿಡುಗಡೆಯಾದ ಕೈದಿಗಳ ಸಂಖ್ಯೆ.’ ಆ ಸಮಿತಿಗೆ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಅಧೀಕ್ಷಕರು, ಪ್ರಾಧಿಕಾರದ ಕಾರ್ಯದರ್ಶಿ ಸದಸ್ಯರು. ಪರಿಗಣಿಸಿದ ಸಂಖ್ಯೆಗೂ ಬಿಡುಗಡೆಯಾದ ಸಂಖ್ಯೆಗೂ ಇರುವ ಅಂತರದಲ್ಲೇ ಆ ಜಿಲ್ಲೆಯ ಕೆಲಸದ ಗುಣ ಕಾಣುತ್ತದೆ. ಕೌಟುಂಬಿಕ ಕಡೆಗೆ ಬೇರೆ ಅರ್ಜಿ: ‘ಜೀವನಾಂಶದ ಪ್ರಕರಣಗಳಿಗೆ ಕಳೆದ ಆರ್ಥಿಕ ವರ್ಷದಲ್ಲಿ ನೇಮಿಸಿದ ಪ್ಯಾನಲ್ ವಕೀಲರ ಸಂಖ್ಯೆ, ಅವುಗಳಲ್ಲಿ ಪ್ರಗತಿ ವರದಿ ಬಂದಿರುವ ಪ್ರಕರಣಗಳ ಸಂಖ್ಯೆ.’ ಬೇರೆಯವರ ಹೆಸರು, ವಿಳಾಸ ಕೇಳಬೇಡಿ, ಅದು ಸಿಗುವುದಿಲ್ಲ, ಸಿಗಲೂಬಾರದು. ತೀರ್ಪಿನ ದೃಢೀಕೃತ ಪ್ರತಿಗೂ ಈ ದಾರಿಯಲ್ಲ; ನ್ಯಾಯಾಲಯದ ನಕಲು ವಿಭಾಗಕ್ಕೇ ಹೋಗಬೇಕು.

ಉತ್ತರಕ್ಕೆ 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಜಾಮೀನು ಸಿಕ್ಕೂ ಒಳಗಿರುವ ಕೈದಿಯ ಬಗ್ಗೆ ಕೇಳುವಾಗ ‘7(1)ನೇ ಕಲಂ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು’ ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆದು, ಜಾಮೀನು ಆದೇಶದ ತಾರೀಖನ್ನು ಅದರ ಪಕ್ಕದಲ್ಲೇ ಹಾಕಿ.